ಅವ್ವನ ಡಯಾಲಿಸಿಸ್, ಪಾರಿಯ ಒಳದುರ್ಗ: ಮಕ್ಕಳ ಫ್ಯಾಂಟಸಿ ಕಾದಂಬರಿಯ ಎರಡು ಅರ್ಧಗಳನ್ನು ಕೂಡಿಸುವುದು ಹೇಗೆ?

ಬಯಲುಹಕ್ಕಿ (ದಾವಣಗೆರೆ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹತ್ತರಿಂದ ಹದಿಮೂರು ವಯಸ್ಸಿನ ಮಕ್ಕಳಿಗಾಗಿ ಬರೆಯುತ್ತಿರುವ ಫ್ಯಾಂಟಸಿ ಕಾದಂಬರಿಯೊಂದು ಅರ್ಧ ದಾರಿಯಲ್ಲಿ ನಿಂತಿದೆ. ಕಥೆ ಚಿತ್ರದುರ್ಗದ್ದು. ಪಾರಿಗೆ ಹನ್ನೊಂದು ವರ್ಷ, ತಮ್ಮ ತಿಪ್ಪೇಶಿಗೆ ಐದು. ಅವ್ವ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ, ಅಪ್ಪ ಲಾರಿ ಓಡಿಸುತ್ತಾನೆ. ಅವ್ವನ ಎರಡೂ ಕಿಡ್ನಿ ಕೆಟ್ಟು ಡಯಾಲಿಸಿಸ್ ಶುರುವಾಗಿದೆ. ಪಾರಿ ಚಂದ್ರವಳ್ಳಿಯ ಗುಹೆಯೊಳಗೆ ಹೊಕ್ಕು ‘ಒಳದುರ್ಗ’ ಎಂಬ ಇನ್ನೊಂದು ಕೋಟೆಗೆ ಹೋಗುತ್ತಾಳೆ. ಅಲ್ಲಿ ಕರಿನೆರಳ ದೊರೆ ಇದ್ದಾನೆ, ಅವನೇ ಅವ್ವನ ಕಾಯಿಲೆ. ಕೊನೆಗೆ ಪಾರಿ ಒನಕೆ ಹಿಡಿದು ಅವನನ್ನು ಹೊಡೆದುಹಾಕುತ್ತಾಳೆ, ಅವ್ವ ಹುಷಾರಾಗುತ್ತಾಳೆ.

ಈವರೆಗೆ ಒಂಬತ್ತು ಅಧ್ಯಾಯ, 22 ಸಾವಿರ ಪದ ಆಗಿದೆ. ಗುಹೆ ಬರುವುದು ಐದನೇ ಅಧ್ಯಾಯದಲ್ಲಿ. ಅಲ್ಲಿಯವರೆಗೆ ಬರೀ ಮನೆ, ಆಸ್ಪತ್ರೆ, ಅಳು. ಅಲ್ಲಿಂದಾಚೆ ಬರೀ ಕೋಟೆ, ಕತ್ತಿ, ಓಟ. ಎರಡು ಬೇರೆ ಬೇರೆ ಬಟ್ಟೆ ತಂದು ಒಂದೇ ಅಂಗಿ ಹೊಲಿದ ಹಾಗೆ ಕಾಣುತ್ತಿದೆ. ಇವೆರಡನ್ನು ಕೂಡಿಸುವುದು ಹೇಗೆ? ಕಾಯಿಲೆಯ ವಿವರ ಎಷ್ಟು ಬೇಕು? ಡಯಾಲಿಸಿಸ್‌ನಲ್ಲಿ ಹನ್ನೊಂದು ವರ್ಷದ ಹುಡುಗಿಯ ಕಣ್ಣಿಗೆ, ಕಿವಿಗೆ ಏನೇನು ಸಿಗುತ್ತದೆ? ಕೋಟೆ ಬಲ್ಲವರೂ, ಆಸ್ಪತ್ರೆ ಕೆಲಸ ಬಲ್ಲವರೂ ಇಲ್ಲಿದ್ದೀರಿ. ದಯವಿಟ್ಟು ಬಿಡಿಸಿ ಹೇಳಿ.


ಕರಡುತಿದ್ದು:

ಒಂದು ಪರೀಕ್ಷೆ ಮಾಡಿ ನೋಡಿ. ಅವ್ವನ ಕಾಯಿಲೆಯನ್ನು ತೆಗೆದು ಆ ಜಾಗದಲ್ಲಿ ಬೇರೆ ಕಷ್ಟ ಇಡಿ, ಮನೆ ಹರಾಜಿಗೆ ಬಂದಿದೆ ಅಂತಲೇ ಇಡಿ. ಒಳದುರ್ಗದ ಅಧ್ಯಾಯಗಳಲ್ಲಿ ಎಷ್ಟು ಸಾಲು ಬದಲಾಗುತ್ತವೆ? ಈಗಿನ ರೂಪದಲ್ಲಿ ಒಂದೂ ಬದಲಾಗುವುದಿಲ್ಲ. ಕರಿನೆರಳ ದೊರೆ ಸಾಲ ಕೊಟ್ಟವನೂ ಆಗಬಲ್ಲ, ಬರಗಾಲವೂ ಆಗಬಲ್ಲ. ಹೊಲಿಗೆ ಬಿಟ್ಟಿರುವುದು ಅಲ್ಲೇ. ಒಳಲೋಕದ ಕಟ್ಟಳೆಗಳು ಇದೇ ಕಾಯಿಲೆಯ ದಿನಚರಿಯಿಂದ ಹುಟ್ಟಬೇಕು. ಡಯಾಲಿಸಿಸ್ ವಾರಕ್ಕೆ ಮೂರು ದಿನ ಅಂದರೆ ಒಳಗೂ ಬಾಗಿಲು ಮೂರೇ ದಿನ ತೆರೆಯಬೇಕು. ಅವ್ವ ಕುಡಿಯುವ ನೀರಿಗೆ ಲೆಕ್ಕ ಇದ್ದರೆ ಒಳದುರ್ಗದಲ್ಲೂ ನೀರಿನದೇ ತಕರಾರು ಇರಬೇಕು.

ಎರಡನೆಯದು ದೊರೆಯ ವಿಷಯ. ಕಾಯಿಲೆಯನ್ನು ಶತ್ರು ಮಾಡಿ ಮಗುವಿನ ಕೈಗೆ ಆಯುಧ ಕೊಟ್ಟರೆ, ಪುಸ್ತಕ ಮುಚ್ಚಿದ ಮೇಲೆ ಆ ಆಯುಧ ಓದುಗನ ಕೈಯಲ್ಲೇ ಉಳಿಯುತ್ತದೆ. ಪಾರಿಯ ಹಾಗೇ ತಾಯಿಗೆ ಕಾಯಿಲೆ ಇರುವ ಮಗು ಇದನ್ನು ಓದುತ್ತದೆ ಅಂತ ಇಟ್ಟುಕೊಳ್ಳಿ. ಅದರ ತಾಯಿ ಹುಷಾರಾಗಲಿಲ್ಲ. ಆಗ ಅದಕ್ಕೆ ಅನಿಸುವುದು ಒಂದೇ: ನಾನು ಸರಿಯಾಗಿ ಹೊಡೆಯಲಿಲ್ಲ. ದುರ್ಗದ ಕಥೆ ಅಂದ ಕೂಡಲೇ ಒನಕೆ ಓಬವ್ವ ಎಲ್ಲರ ನೆನಪಿಗೂ ಬರುತ್ತಾಳೆ, ಬರಬೇಕಾದವಳೇ. ಆದರೆ ಈ ಕಥೆಯಲ್ಲಿ ಒನಕೆ ಎತ್ತಿಸಬೇಡಿ.

ಮನೆಯಲ್ಲಿ ದೊಡ್ಡ ಕಾಯಿಲೆ ಇದ್ದಾಗ ಮಕ್ಕಳು ಮೂರು ಅನುಮಾನಗಳನ್ನು ಬಾಯಿಬಿಡದೆ ಹೊತ್ತು ತಿರುಗುತ್ತಾರೆ. ಇದು ನನ್ನಿಂದ ಬಂತಾ, ನನಗೂ ಅಂಟುತ್ತಾ, ಅವ್ವ ಹೋದರೆ ನನ್ನನ್ನು ಯಾರು ನೋಡಿಕೊಳ್ಳುತ್ತಾರೆ. ಪುಸ್ತಕ ಈ ಮೂರಕ್ಕೂ ಉತ್ತರ ಕೊಡಲೇಬೇಕು, ಆದರೆ ಡಾಕ್ಟರ ಭಾಷಣದಲ್ಲಿ ಅಲ್ಲ. ಮೊದಲನೆಯದಕ್ಕೆ ಒಂದು ನಿರ್ದಿಷ್ಟ ಘಟನೆ ಬೇಕು: ಪಾರಿ ಯಾವತ್ತೋ ಸಿಟ್ಟಿನಲ್ಲಿ ಏನೋ ಅಂದಿದ್ದಾಳೆ, ಮಾರನೇ ದಿನ ಅವ್ವನ ಮುಖ ಊದಿದೆ. ಆ ಮಾತನ್ನು ಅವಳು ಯಾರಿಗೂ ಹೇಳಿಲ್ಲ. ಕಾದಂಬರಿಯ ಗುಟ್ಟು ಅದೇ ಆಗಲಿ. ದೊರೆಯನ್ನು ಕೊಲ್ಲುವುದಕ್ಕಿಂತ ಆ ಮಾತನ್ನು ಅವ್ವನ ಮುಂದೆ ಹೇಳುವುದು ಪಾರಿಗೆ ಕಷ್ಟ. ನಿಮ್ಮ ಕೊನೆಯ ಏರು ಅಲ್ಲಿದೆ.

ತಿಪ್ಪೇಶಿ ವಿಷಯದಲ್ಲಿ ಒಂದು ಎಚ್ಚರ. ಐದು ವರ್ಷದ ಮಗುವಿಗೆ ‘ಅವ್ವನಿಗೆ ಸೂಜಿ ಚುಚ್ಚಿ ನಿದ್ದೆ ಮಾಡಿಸ್ತಾರೆ’ ಅಂತ ಯಾರಾದರೂ ಹೇಳಿದರೆ ಅವನು ಆ ರಾತ್ರಿಯಿಂದ ನಿದ್ದೆಗೇ ಹೆದರುತ್ತಾನೆ. ‘ಊರಿಗೆ ಹೋಗಿದಾಳೆ’ ಅಂದರೆ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಾನೆ. ಇದನ್ನು ಕಥೆಯಲ್ಲೇ ಬಳಸಿಕೊಳ್ಳಬಹುದು. ಅವನ ಹೆದರಿಕೆಯ ಬೇರು ಎಲ್ಲಿದೆ ಎಂದು ಪಾರಿಯೇ ಕಂಡುಹಿಡಿಯಲಿ.

ಅಳತೆಯ ಬಗ್ಗೆ: ಒಳದುರ್ಗದ ಮೊದಲ ಸುಳಿವು ಮೊದಲ ಮೂರು ಪುಟಗಳಲ್ಲಿ ಬರಲಿ, ಬಾಗಿಲು ಎರಡನೇ ಅಧ್ಯಾಯದ ಕೊನೆಗೆ ತೆರೆಯಲಿ. ಅಧ್ಯಾಯ ಈಗ ಸರಾಸರಿ 2,400 ಪದ ಇದೆ. ಈ ವಯಸ್ಸಿಗೆ 1,200ರಿಂದ 1,500 ಸಾಕು, ಮಲಗುವ ಮುಂಚೆ ಒಂದು ಅಧ್ಯಾಯ ಓದಿ ಮುಗಿಸುವಂತಿರಬೇಕು. ಡೆಮಿ ಎಂಬ ಸಾಮಾನ್ಯ ಪುಸ್ತಕದ ಅಳತೆಯಲ್ಲಿ, ಮಕ್ಕಳ ಕಣ್ಣಿಗೆ ಹಿತವಾದ ದಪ್ಪ ಅಕ್ಷರದಲ್ಲಿ ಪುಟಕ್ಕೆ 200ರಿಂದ 220 ಕನ್ನಡ ಪದ ಹಿಡಿಯುತ್ತದೆ. 24 ಸಾವಿರ ಪದಕ್ಕೆ ಸುಮಾರು 115 ಪುಟ. ಚಿತ್ರಗಳು ಸೇರಿ 128 ಪುಟಕ್ಕೆ, ಅಂದರೆ ಹದಿನಾರು ಪುಟದ ಎಂಟು ಫಾರಂಗೆ, ಸರಿಯಾಗಿ ಕೂರುತ್ತದೆ. 45 ಸಾವಿರಕ್ಕೆ ಹೋದರೆ ಬೆಲೆ ಏರಿ, ಶಾಲೆಯ ಲೈಬ್ರರಿಗಳು ಕೊಳ್ಳುವ ಮುನ್ನ ಎರಡು ಸಲ ಯೋಚಿಸುತ್ತವೆ.


ನಾಲ್ಕುಗಂಟೆ:

ಡಯಾಲಿಸಿಸ್ ಭಾಗ ನಾನು ಹೇಳುತ್ತೇನೆ. ಉದ್ದವಾಗುತ್ತದೆ, ಕ್ಷಮಿಸಿ. ಇದರಲ್ಲಿ ಅರ್ಧ ತಪ್ಪಾದರೂ ಇಂಥ ಮನೆಯ ಮಗು ತಕ್ಷಣ ಕಂಡುಹಿಡಿಯುತ್ತದೆ.

ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ. ಅವ್ವನಿಗೆ ಮಂಗಳವಾರ, ಗುರುವಾರ, ಶನಿವಾರ ಕೊಡಿ. ಆಗ ಶನಿವಾರದಿಂದ ಮಂಗಳವಾರದವರೆಗಿನ ಅಂತರ ಎಲ್ಲಕ್ಕಿಂತ ದೊಡ್ಡದು. ಸೋಮವಾರ ರಾತ್ರಿ ಕಾಲು ಊದುತ್ತದೆ, ಚಪ್ಪಟೆ ಮಲಗಿದರೆ ಉಸಿರು ಕಟ್ಟುತ್ತದೆ, ಎರಡು ಮೂರು ದಿಂಬು ಒರಗಿಸಿಕೊಂಡು ಕೂರುತ್ತಾರೆ. ಪಾರಿಗೆ ಸೋಮವಾರ ಅಂದರೆ ಭಯ. ದಿಂಬುಗಳ ಸಂಖ್ಯೆ ನೋಡಿಯೇ ಅವಳು ಅವ್ವನ ಸ್ಥಿತಿ ಅಳೆಯಬಲ್ಲಳು. ಡಯಾಲಿಸಿಸ್ ಮುಗಿದ ಸಂಜೆ ಹಗುರ ಆಗಬೇಕು ಅಂತ ಓದುಗರು ಅಂದುಕೊಳ್ಳುತ್ತಾರೆ. ಆದರೆ ಬಹಳ ಜನಕ್ಕೆ ಆ ಸಂಜೆ ಮೈ ಹಿಂಡಿ ಹಾಕಿದ ಹಾಗೆ ಸುಸ್ತು, ಮನೆಗೆ ಬಂದವರೇ ಮಲಗುತ್ತಾರೆ. ಹೊಲಿಗೆ ಮಿಷನ್ ಓಡುವುದು ಬುಧವಾರ, ಶುಕ್ರವಾರ.

ಕಿಡ್ನಿ ಹೊರಹಾಕದ ನೀರು ಮೈಯಲ್ಲೇ ಉಳಿಯುತ್ತದೆ, ಅದರ ಲೆಕ್ಕ ತೂಕದಲ್ಲಿ ನಡೆಯುತ್ತದೆ. ನೀರು ಹೆಚ್ಚಿಲ್ಲದ ತೂಕಕ್ಕೆ ಡ್ರೈ ವೇಟ್ ಅನ್ನುತ್ತಾರೆ. ಅವ್ವನದು 48 ಕೆಜಿ ಇರಲಿ. ಮಂಗಳವಾರ ತೂಕದ ಮಿಷನ್ ಮೇಲೆ ನಿಂತಾಗ 50.2 ಬಂದರೆ ತೆಗೆಯಬೇಕಾದ ನೀರು 2.2 ಲೀಟರ್, ಗಂಟೆಗೆ 550 ಮಿಲಿ. ಇದು ತಡೆದುಕೊಳ್ಳುವಂಥದ್ದು. 52 ಬಂದರೆ ಗಂಟೆಗೆ ಒಂದು ಲೀಟರ್ ಎಳೆಯಬೇಕು. ಆ ವೇಗಕ್ಕೆ ಬಿಪಿ ಇಳಿಯುತ್ತದೆ, ಕಾಲಿನ ಮೀನಖಂಡ ಸೆಟೆದುಕೊಳ್ಳುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಅದಕ್ಕೇ ನೀರಿಗೆ ಮಿತಿ. ಮೂತ್ರ ಪೂರ್ತಿ ನಿಂತವರಿಗೆ ಡಾಕ್ಟರು ಹೇಳುವ ಅಳತೆ ಬಹಳ ಸಲ ದಿನಕ್ಕೆ ಅರ್ಧದಿಂದ ಒಂದು ಲೀಟರ್‌ ಒಳಗೆ ಇರುತ್ತದೆ, ಟೀ, ಮಜ್ಜಿಗೆ, ಸಾರು ಎಲ್ಲ ಸೇರಿ. ಬೆಳಿಗ್ಗೆ ಒಂದು ಬಾಟಲಿಗೆ ಅಳೆದು ತುಂಬಿ ಇಡುತ್ತಾರೆ. ಟೀ ಕುಡಿದರೆ ಅಷ್ಟು ನೀರನ್ನು ಬಾಟಲಿಯಿಂದ ಚೆಲ್ಲುತ್ತಾರೆ. ಏಪ್ರಿಲ್ ಬಿಸಿಲಿನಲ್ಲಿ, ದುರ್ಗದ ಕಲ್ಲು ಕಾದಾಗ, ಆ ಬಾಟಲಿಯನ್ನು ನೋಡುತ್ತಾ ಕೂರುವುದೇ ಒಂದು ಅಧ್ಯಾಯ.

ಈಗ ಬಾಗಿಲಿನ ಮಾತು. ಗುಹೆ ಬೇಡ ಅನಿಸುತ್ತದೆ ನನಗೆ. ಅವ್ವನ ಎಡಗೈಯಲ್ಲೇ ಬಾಗಿಲಿದೆ. ಡಯಾಲಿಸಿಸ್‌ಗೆ ಮುಂಗೈ ಹತ್ತಿರ ಅಪಧಮನಿಯನ್ನು ಅಭಿಧಮನಿಗೆ ಜೋಡಿಸಿ ಫಿಸ್ಟುಲಾ ಮಾಡುತ್ತಾರೆ, ಹೆಚ್ಚಾಗಿ ಬಳಕೆ ಕಡಿಮೆ ಇರುವ ಕೈಗೆ. ಅದು ಬಲಿತು ಸೂಜಿ ತಾಳಲು ಒಂದೂವರೆ ಎರಡು ತಿಂಗಳು ಬೇಕು. ಅಲ್ಲಿಯವರೆಗೆ ಕುತ್ತಿಗೆಯ ಹತ್ತಿರ ಕೊಳವೆ ಹಾಕಿರುತ್ತಾರೆ, ಮಕ್ಕಳು ಮೊದಲು ಹೆದರುವುದು ಅದನ್ನು ನೋಡಿ. ಆದರೆ ಫಿಸ್ಟುಲಾ ಮಾಡಿದ ದಿನದಿಂದಲೇ ಅಲ್ಲಿ ಬೆರಳಿಟ್ಟರೆ ಜುಂ ಅನ್ನುವ ಕಂಪನ ಸಿಗುತ್ತದೆ. ಬೆಕ್ಕು ಎದೆಯೊಳಗೆ ಗುರುಗುಟ್ಟಿದ ಹಾಗೆ. ಕಿವಿ ಇಟ್ಟರೆ ದೂರದಲ್ಲಿ ನೀರು ಹರಿದ ಸದ್ದು. ಪಾರಿ ಒಳದುರ್ಗಕ್ಕೆ ಹೋಗುವುದು ಆ ಸದ್ದನ್ನು ಹಿಡಿದುಕೊಂಡು. ಆ ಕಂಪನ ನಿಂತರೆ ರಕ್ತ ಹೆಪ್ಪುಗಟ್ಟಿದೆ ಅಂತ ಅರ್ಥ, ಬೆಳಗಾಗಲಿ ಅನ್ನದೆ ಆಗಲೇ ಆಸ್ಪತ್ರೆಗೆ ಹೋಗಬೇಕು. ಒಂದು ರಾತ್ರಿ ಪಾರಿ ಕಿವಿ ಇಟ್ಟಾಗ ಬಾಗಿಲು ಮೌನವಾಗಿದೆ. ಇದಕ್ಕಿಂತ ದೊಡ್ಡ ರಾಕ್ಷಸ ನಿಮಗೆ ಬೇಡ, ಮತ್ತು ಪಾರಿ ಮಾಡಬೇಕಾದ ಕೆಲಸ ಮಗುವಿನ ಅಳವಿಗೆ ಸಿಗುವಂಥದ್ದು: ಅಪ್ಪನನ್ನು ಎಬ್ಬಿಸುವುದು.

ಆ ಕೈಗೆ ಬಿಪಿ ಪಟ್ಟಿ ಕಟ್ಟುವಂತಿಲ್ಲ, ರಕ್ತ ತೆಗೆಯುವಂತಿಲ್ಲ, ಭಾರ ಎತ್ತುವಂತಿಲ್ಲ, ಅದರ ಮೇಲೆ ತಲೆ ಇಟ್ಟು ಮಲಗುವಂತಿಲ್ಲ. ಬಿಗಿ ಬಳೆಯೂ ಇಲ್ಲ. ಮುತ್ತೈದೆಯ ಎಡಗೈ ಬರಿದಾಗಿದ್ದರೆ ನಮ್ಮ ಕಡೆ ನೆರೆಹೊರೆಯವರು ಸುಮ್ಮನಿರುವುದಿಲ್ಲ. ಆ ಒಂದು ಮಾತು ಪಾರಿಯ ಕಿವಿಗೆ ಬೀಳಲಿ. ಹಸಿರು ಬಳೆಗಳನ್ನು ಅವಳು ತೆಗೆದು ಇಟ್ಟುಕೊಂಡಿರಲಿ, ಒಳದುರ್ಗಕ್ಕೆ ಒಯ್ಯಲು ಅದೇ ಸಾಮಾನು.

ಒಳಗಿನ ನೋಟ: ಮಕ್ಕಳನ್ನು ಸಾಮಾನ್ಯವಾಗಿ ವಾರ್ಡಿನೊಳಗೆ ಬಿಡುವುದಿಲ್ಲ, ಸೋಂಕಿನ ಭಯ. ಪಾರಿಗೆ ಸಿಗುವುದು ಬಾಗಿಲ ಗಾಜು, ಹೊರಗೆ ಬಿಟ್ಟ ಚಪ್ಪಲಿಗಳ ಸಾಲು, ಅಲಾರಂ ಸದ್ದು. ಗಾಜಿನಿಂದ ಕಾಣುವ ಮಿಷನ್ನಿನ ಮುಖದ ಮೇಲೆ ಒಂದು ಗಿರಕಿ ಸುತ್ತುತ್ತಿರುತ್ತದೆ. ಅದು ರಕ್ತವನ್ನು ನಿಮಿಷಕ್ಕೆ 250, 300 ಮಿಲಿಯಂತೆ ನೂಕುವ ಪಂಪು. ಪಕ್ಕದಲ್ಲಿ ನಿಂತಿರುವ ಗಾಜಿನಂಥ ಕೊಳವೆ ಡಯಲೈಸರ್. ಅದರೊಳಗೆ ಕೂದಲೆಳೆಯಂಥ ಟೊಳ್ಳು ನಾಳಗಳು ಹತ್ತು ಸಾವಿರದ ಆಸುಪಾಸು ಇರುತ್ತವೆ. ನಾಳದೊಳಗೆ ರಕ್ತ ಒಂದು ದಿಕ್ಕಿಗೆ, ಹೊರಗೆ ಔಷಧದ ನೀರು ಎದುರು ದಿಕ್ಕಿಗೆ. ಎರಡೂ ಬೆರೆಯುವುದಿಲ್ಲ, ಗೋಡೆಯ ಸಣ್ಣ ರಂಧ್ರಗಳಿಂದ ಕಸ, ಹೆಚ್ಚಾದ ನೀರು ದಾಟುತ್ತವೆ. ಎದುರುಬದುರು ಹರಿಯುವ ಎರಡು ಹೊಳೆ, ನಡುವೆ ಒಂದು ಜರಡಿ ಗೋಡೆ. ಇದನ್ನು ಒಳದುರ್ಗದಲ್ಲಿ ಕಟ್ಟಿ, ಬಣ್ಣ ಬಳಿಯಬೇಕಾಗಿಯೇ ಇಲ್ಲ. ಆ ಔಷಧದ ನೀರು ನಿಮಿಷಕ್ಕೆ ಅರ್ಧ ಲೀಟರಿನಂತೆ ಹೋದರೆ ಒಂದು ಸರದಿಗೆ 120 ಲೀಟರ್. ಕುಡಿಯಲು ಒಂದು ಲೀಟರ್ ಇಲ್ಲದವಳ ಪಕ್ಕದಲ್ಲಿ 120 ಲೀಟರ್ ಹರಿದುಹೋಗುತ್ತದೆ.

ಕರೆಂಟು ಹೋದರೆ? ಮಿಷನ್ನಿನ ಬ್ಯಾಟರಿ ಸ್ವಲ್ಪ ಹೊತ್ತು ಪಂಪನ್ನು ಓಡಿಸುತ್ತದೆ. ಅದೂ ನಿಂತರೆ ಗಿರಕಿಗೆ ಕೈಹಿಡಿ ಇದೆ, ನರ್ಸ್ ಅಥವಾ ಟೆಕ್ನಿಷಿಯನ್ ಅದನ್ನು ಕೈಯಲ್ಲೇ ತಿರುಗಿಸಿ ಹೊರಗಿರುವ ಸುಮಾರು ಕಾಲು ಲೀಟರ್ ರಕ್ತವನ್ನು ಮೈಗೆ ಹಿಂತಿರುಗಿಸುತ್ತಾರೆ. ಪಾರಿ ಗಾಜಿನ ಹಿಂದಿನಿಂದ ಇದನ್ನು ನೋಡಲಿ. ಹೊಲಿಗೆ ಮಿಷನ್ನಿನ ಚಕ್ರವನ್ನು ದಿನಾ ತಿರುಗಿಸುವ ಹುಡುಗಿಗೆ ಬೇರೆ ವಿವರಣೆ ಬೇಡ.

ಇನ್ನೊಂದೇ ಒಂದು. ನಿಮ್ಮ ಕರಡಿನಲ್ಲಿ ಅಮೃತದ ಕಥೆ ಏನಾದರೂ ಇದ್ದರೆ ಬಹಳ ಜಾಗ್ರತೆ. ಕಾಯಿಲೆ ಕೇಳಲು ಬರುವವರು ಎಳನೀರು, ಬಾಳೆಹಣ್ಣು ತರುತ್ತಾರೆ. ಎರಡರಲ್ಲೂ ಪೊಟ್ಯಾಸಿಯಂ ಹೆಚ್ಚು. ಕಿಡ್ನಿ ಅದನ್ನು ಹೊರಹಾಕದಿದ್ದಾಗ ಹೃದಯದ ಬಡಿತವೇ ತಪ್ಪಬಹುದು. ಪ್ರೀತಿಯಿಂದ ತಂದ ಎಳನೀರೇ ಅಪಾಯ ಎನ್ನುವುದು ಪಾರಿ ಕಲಿಯಬೇಕಾದ ಕಠಿಣ ಪಾಠ. ಆದರೆ ಅವಳು ಕುಡಿಸುವ ಮುಂಚೆಯೇ ಯಾರಾದರೂ ಕೈ ಹಿಡಿಯಲಿ, ಕುಡಿಸಿದ ಮೇಲೆ ಬೇಡ. ಅಪರಾಧದ ಭಾರ ಅವಳ ಮೇಲೆ ಆಗಲೇ ಸಾಕಷ್ಟಿದೆ. ನಾಟಿ ಕಷಾಯದಿಂದ ಗುಣವಾಯಿತು ಅನ್ನುವ ಸಾಲು ಮಾತ್ರ ಎಲ್ಲೂ ಬರಬಾರದು, ಓದಿದವರು ನಂಬುತ್ತಾರೆ.


ಹೊಂಡದದಾರಿ (ಚಿತ್ರದುರ್ಗ):

‘ನಾಲ್ಕುಗಂಟೆ’ ಅವರು ನೀರಿನ ಲೆಕ್ಕ ಹೇಳಿದ ಮೇಲೆ ನನ್ನ ಕೆಲಸ ಅರ್ಧ ಆಯಿತು. ದುರ್ಗದ ಕೋಟೆ ಅಂದರೆ ಎಲ್ಲರೂ ಯುದ್ಧ ಬರೀತಾರೆ. 1779ರಲ್ಲಿ ಹೈದರಾಲಿಯ ಕೈಗೆ ಕೋಟೆ ಹೋಗುವ ಮುಂಚೆ ಇಷ್ಟು ಮುತ್ತಿಗೆ ತಡಕೊಂಡಿದ್ದರಲ್ಲಿ ಕಲ್ಲಿನ ಪಾಲು ಎಷ್ಟೋ ನೀರಿನ ಪಾಲೂ ಅಷ್ಟೇ. ಬಯಲುಸೀಮೆಯ ಬೋಳು ಬಂಡೆಗಳ ಮೇಲೆ ಬಿದ್ದ ಮಳೆಯನ್ನು ಹಿಡಿದು ಹೊಂಡಕ್ಕೆ ತಂದು, ಮೇಲಿನದು ತುಂಬಿದ ಮೇಲೆ ಕೆಳಗಿನದಕ್ಕೆ ಇಳಿಸಿದ್ದಾರೆ. ಮೇಲೆ ಗೋಪಾಲಸ್ವಾಮಿ ಹೊಂಡ, ಆಮೇಲೆ ಅಕ್ಕತಂಗಿ ಹೊಂಡ, ಕೆಳಗೆ ಊರ ಕಡೆಗೆ ಸಿಹಿನೀರು ಹೊಂಡ, ಸಂತೆ ಹೊಂಡ. ಒಳದುರ್ಗದ ನಕ್ಷೆ ಇದೇ ಆಗಲಿ. ಪಾರಿ ಸಂತೆ ಹೊಂಡದಿಂದ ಹೊರಟು ಒಂದೊಂದೇ ಹೊಂಡ ಹತ್ತುತ್ತಾ ಹೋಗಲಿ. ಕೋಟೆ ಗೊತ್ತಿರುವ ಮಗು ಬೆರಳಿಟ್ಟು ದಾರಿ ಹಿಡಿಯುತ್ತದೆ, ಗೊತ್ತಿಲ್ಲದ ಮಗುವಿಗೆ ಮೊದಲ ಪುಟದಲ್ಲಿ ನಕ್ಷೆ ಹಾಕಿಸಿ.

ಮಾಂತ್ರಿಕ ಮುದುಕ ಬೇಡ. ನಮ್ಮ ಹತ್ತಿರ ನೀರಗಂಟಿ ಇದ್ದಾನೆ. ಕೆರೆಯ ತೂಬು ಎತ್ತುವವನು, ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ಬಿಡುವವನು, ಏರಿಯಲ್ಲಿ ಇಲಿ ಬಿಲ ಬಿದ್ದರೆ ಮುಚ್ಚುವವನು. ಒಳದುರ್ಗಕ್ಕೆ ಒಬ್ಬ ನೀರಗಂಟಿಯನ್ನು ತನ್ನಿ. ಅವನ ಬಾಯಲ್ಲಿ ಕಾಯಿಲೆಯ ವಿವರಣೆ ತಾನಾಗಿ ಬರುತ್ತದೆ. ಕೆರೆಗೆ ಕೋಡಿ ಇರುತ್ತೆ, ಹೆಚ್ಚಾದ ನೀರು ಅಲ್ಲಿಂದ ಹೋಗುತ್ತೆ. ಕೋಡಿ ಕಟ್ಟಿಕೊಂಡರೆ ಏರಿ ಒತ್ತಡಕ್ಕೆ ಬರುತ್ತೆ. ಹೊಸ ಕೋಡಿ ಸಿಗುವವರೆಗೆ ಯಾರೋ ಒಬ್ಬರು ವಾರಕ್ಕೆ ಮೂರು ಸಲ ಬಂದು ನೀರು ಮೊಗೆದು ಹಾಕಬೇಕು. ಇದರಲ್ಲಿ ಯಾರ ತಪ್ಪೂ ಇಲ್ಲ, ಯಾರನ್ನೂ ಕೊಲ್ಲಬೇಕಾಗಿಲ್ಲ. ಕರಿನೆರಳ ದೊರೆಯ ಜಾಗಕ್ಕೆ ಹೂಳು ಬರಲಿ. ಹೂಳು ದುಷ್ಟ ಅಲ್ಲ, ಅದು ತುಂಬುತ್ತೆ, ಅಷ್ಟೇ. ಈ ಜಿಲ್ಲೆಯ ಮಕ್ಕಳಿಗೆ ಕೋಡಿ ಅಂದರೆ ಏನು ಅಂತ ಹೇಳಬೇಕಾಗಿಲ್ಲ. 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿದ್ದು ಬಿಟ್ಟರೆ ಮತ್ತೆ ಬಿದ್ದಿದ್ದು 2022ರಲ್ಲಿ, ಎಂಬತ್ತೊಂಬತ್ತು ವರ್ಷಕ್ಕೆ. ಅಷ್ಟು ವರ್ಷ ಕಾದ ಒಂದು ಕೆರೆ ಒಳದುರ್ಗದಲ್ಲೂ ಇರಬಹುದು.

ಓಬವ್ವ ಬೇಡವೇ ಬೇಡ ಅಂತ ಮಾತ್ರ ನಾನು ಹೇಳಲಾರೆ. ಗಂಡ ಊಟಕ್ಕೆ ಕೂತಿದ್ದಾಗ ನೀರಿಗೆ ಹೋದವಳು ಅವಳು. ಕಿಂಡಿಯ ಹತ್ತಿರದ ‘ತಣ್ಣೀರು ದೋಣಿ’ ಎಂಬ ನೀರಿನ ತಾಣಕ್ಕೆ ಇವತ್ತೂ ಜನ ಹೋಗಿ ನೋಡ್ತಾರೆ. ಒನಕೆ ಎತ್ತುವ ಮುಂಚಿನ ಓಬವ್ವ, ಕೊಡ ಹಿಡಿದವಳು, ಸದ್ದು ಕೇಳಿಸಿಕೊಂಡು ನಿಂತವಳು. ಅಷ್ಟನ್ನು ತಗೊಳ್ಳಿ. ಕಿವಿಗೊಟ್ಟು ಕೇಳುವುದು ಪಾರಿಯ ಕೆಲಸವೂ ಹೌದಲ್ಲ. ಅಕ್ಕತಂಗಿ ಹೊಂಡದ ವಿಷಯದಲ್ಲಿ ಮಾತ್ರ, ರಾಣಿಯರು ಅದಕ್ಕೆ ಹಾರಿದರು ಅಂತ ಜನ ಹೇಳುವ ಐತಿಹ್ಯವನ್ನು ಈ ಪುಸ್ತಕಕ್ಕೆ ತರಬೇಡಿ.

ಇನ್ನು ಕೋಟೆಯ ಸಾಮಾನುಗಳು. ಹಿಡಿಂಬೇಶ್ವರ ಗುಡಿಯಲ್ಲಿ ಹಿಡಿಂಬನ ಹಲ್ಲು ಅಂತ ತೋರಿಸುವ ದೊಡ್ಡ ಎಲುಬಿನ ತುಂಡಿದೆ, ತಿಪ್ಪೇಶಿ ಅದನ್ನು ಬಿಟ್ಟು ಕದಲುವುದಿಲ್ಲ. ತುಪ್ಪದ ಕೊಳ ಇದೆ. ಸಿಡಿಮದ್ದು ಅರೆಯುವ ಭಾರಿ ಬೀಸುಕಲ್ಲುಗಳು ಗುಂಡಿಯಲ್ಲಿ ಕೂತಿವೆ. ಬಾಗಿಲಿಂದ ಬಾಗಿಲಿಗೆ ದಾರಿ ನೇರ ಹೋಗುವುದಿಲ್ಲ, ಆನೆ ಓಡಿ ಬಂದು ಗುದ್ದಬಾರದು ಅಂತ ಹಾವಿನಂತೆ ಬಳಸುತ್ತದೆ. ಬಂಡೆಗಳ ಮೇಲೆ ಸಾಲು ಸಾಲು ಬೆಣೆಗುಳಿ ಕಾಣುತ್ತವೆ. ಒಣಮರದ ಬೆಣೆ ಬಡಿದು ನೀರು ಕುಡಿಸಿದರೆ ಮರ ಉಬ್ಬಿ ಬಂಡೆ ಸೀಳುತ್ತದೆ, ಕಲ್ಲು ಒಡೆಯುವ ಹಳೆಯ ಉಪಾಯ ಅದು. ನೀರು ಹೆಚ್ಚಾದರೆ ಬಂಡೆಯೂ ತಡೆಯಲ್ಲ ಅಂತ ನೀರಗಂಟಿ ಆ ಗುಳಿ ತೋರಿಸಿ ಹೇಳಬಹುದು, ಅವ್ವನ ಬಾಟಲಿ ಪಾರಿಗೆ ಅಲ್ಲಿ ಅರ್ಥವಾಗುತ್ತದೆ. ಊರ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳಿವೆ, ಕೋಟೆಯಿಂದ ಕಾಣುತ್ತವೆ. ಕರೆಂಟು ಹೋದ ಅಧ್ಯಾಯಕ್ಕೆ ಬೇರೆ ಗಿರಕಿ ಹುಡುಕಬೇಡಿ.


ಬಯಲುಹಕ್ಕಿ:

ಎಲ್ಲರಿಗೂ ಕೈಮುಗಿದೆ. ದೊರೆಯನ್ನು ತೆಗೆದೆ, ನೀರಗಂಟಿ ಬಂದ. ಎರಡು ಪ್ರಶ್ನೆ ಉಳಿದಿವೆ. ಪಾರಿ ‘ನನ್ನ ಕಿಡ್ನಿ ತಗೊಳ್ಳಿ’ ಅನ್ನುವ ದೃಶ್ಯ ಬರೆದಿದ್ದೇನೆ, ಅದು ನಡೆಯುತ್ತದೆಯೇ? ಮತ್ತೆ ಕೊನೆ ಏನು ಮಾಡಲಿ?


ನಾಲ್ಕುಗಂಟೆ:

ಅನ್ನುವುದು ನಡೆಯುತ್ತದೆ, ಎಷ್ಟೋ ಮಕ್ಕಳು ಅನ್ನುತ್ತಾರೆ. ಕೊಡುವುದು ನಡೆಯುವುದಿಲ್ಲ. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಬದುಕಿರುವವರು ಕೊಡಬೇಕಾದರೆ 18 ವರ್ಷ ತುಂಬಿರಬೇಕು. ಇದನ್ನು ನರ್ಸ್ ನೇರವಾಗಿ ಹೇಳಲಿ: ‘ನಿನ್ನ ಹತ್ರ ತಗೊಳ್ಳಂಗಿಲ್ಲ ಪುಟ್ಟಿ, ಕಾನೂನೇ ಬಿಡಲ್ಲ.’ ಆ ಮಾತಿನಲ್ಲಿ ಪಾರಿಗೆ ನಿರಾಸೆಯೂ ಇದೆ, ಅವಳೇ ಒಪ್ಪಿಕೊಳ್ಳದ ಒಂದು ಬಿಡುಗಡೆಯೂ ಇದೆ. ಎರಡನ್ನೂ ಬರೆಯಿರಿ. ಅಪ್ಪ, ಅಜ್ಜಿ, ಸೋದರಮಾವ ಪರೀಕ್ಷೆ ಮಾಡಿಸಿಕೊಳ್ಳಬಹುದು. ಯಾರದೂ ಹೊಂದದಿದ್ದರೆ ಮೃತ ದಾನಿಯ ಕಿಡ್ನಿಗೆ ಹೆಸರು ಬರೆಸುವುದು ರಾಜ್ಯದಲ್ಲಿ ‘ಜೀವಸಾರ್ಥಕತೆ’ ಎಂಬ ಸಂಸ್ಥೆಯ ಮೂಲಕ. ಕಸಿಯಾದರೂ ಮಾತ್ರೆ ಜೀವನಪೂರ್ತಿ ತಪ್ಪದೆ ನುಂಗಬೇಕು, ಹಾಗಾಗಿ ಅದನ್ನೂ ‘ಪೂರ್ತಿ ಗುಣ’ ಅಂತ ಬರೆಯಬೇಡಿ. ಮಕ್ಕಳಿಗೆ ಬಹಳ ಇಷ್ಟವಾಗುವ ಒಂದು ಸಂಗತಿ: ಹಳೆಯ ಕಿಡ್ನಿಗಳನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ, ಹೊಸದನ್ನು ಹೊಟ್ಟೆಯ ಕೆಳಭಾಗದಲ್ಲಿ ಮುಂದೆ ಕೂರಿಸುತ್ತಾರೆ. ಕಸಿಯಾದವರಿಗೆ ಮೂರು ಕಿಡ್ನಿ.


ಮಂಡಕ್ಕಿಭಟ್ಟಿ (ದಾವಣಗೆರೆ):

ಕೊನೆಯ ಬಗ್ಗೆ ಒಂದು ಮಾತು. ಮಕ್ಕಳ ಪುಸ್ತಕದಲ್ಲಿ ಅವ್ವ ಸಾಯಬಾರದು ಅನ್ನುವ ಕಟ್ಟಳೆ ಏನಿಲ್ಲ. ಆದರೆ ಸಾಯುವುದಾದರೆ ಕೊನೆಯ ಅಧ್ಯಾಯದಲ್ಲಿ ಬೇಡ. ಹದಿನೆಂಟು ಅಧ್ಯಾಯ ಇದ್ದರೆ ಹದಿಮೂರರ ಹೊತ್ತಿಗೆ ಆಗಲಿ, ಉಳಿದ ಐದರಲ್ಲಿ ಪಾರಿ ಜಡೆ ಹಾಕಿಸಿಕೊಳ್ಳುವುದು ಯಾರ ಹತ್ತಿರ, ತಿಪ್ಪೇಶಿಗೆ ಊಟ ಹಾಕುವುದು ಯಾರು ಅಂತ ಓದುಗ ಕಣ್ಣಾರೆ ನೋಡಲಿ. ಸಾವಿನ ಮೇಲೆ ಪುಸ್ತಕ ಮುಗಿಸಿದರೆ ಓದುವ ಮಗುವನ್ನು ಸ್ಮಶಾನದ ಬಾಗಿಲಲ್ಲಿ ಬಿಟ್ಟು ಬಂದ ಹಾಗೆ. ನಿಮಗೆ ಅಷ್ಟು ಪುಟ ಇಲ್ಲದಿದ್ದರೆ ಅವ್ವ ಬದುಕಿರಲಿ, ಡಯಾಲಿಸಿಸ್ ನಡೆಯುತ್ತಿರಲಿ, ಇನ್ನೊಂದು ಮಂಗಳವಾರಕ್ಕೆ ಕಥೆ ನಿಲ್ಲಲಿ.

ಭಾಷೆ: ಮಾತುಕತೆ ದುರ್ಗದ್ದೇ ಇರಲಿ. ‘ನೀರು ಎಷ್ಟೈತವ್ವಾ ಬಾಟ್ಲೀಲಿ?’ ಅನ್ನುವ ಹುಡುಗಿ ‘ಎಷ್ಟಿದೆ ತಾಯೇ’ ಅಂದರೆ ಕಥೆ ಸತ್ತುಹೋಗುತ್ತದೆ. ನಿರೂಪಣೆ ಸರಳ ಶಿಷ್ಟ ಕನ್ನಡದಲ್ಲಿ ಇರಲಿ, ಇಲ್ಲದಿದ್ದರೆ ಮಂಗಳೂರಿನ ಮಗು ಎಡವುತ್ತದೆ. ಒಳದುರ್ಗದವರಿಗೆ ನಕಲಿ ಹಳಗನ್ನಡ ಕೊಡಬೇಡಿ. ನೀರಗಂಟಿ ಒಗಟಿನಲ್ಲಿ ಮಾತಾಡಲಿ, ಒಗಟು ಬಿಡಿಸಿದರೆ ಮಾತ್ರ ತೂಬು ಎತ್ತಲಿ. ಮೂರು ನಾಲ್ಕು ಒಗಟು ಸಾಕು, ನೀವೇ ಕಟ್ಟಿ: ‘ತಿನ್ನೋ ತನಕ ರುಚಿ, ತಿಂದ ಮೇಲೆ ಬಾವಿ ಹುಡುಕಿಸ್ತೀನಿ’, ಉತ್ತರ ಉಪ್ಪು.

ಅದೇ ಉಪ್ಪಿಗೆ ದಾವಣಗೆರೆಯ ಒಂದು ಅಧ್ಯಾಯ ಇಡಬಹುದು. ಮಕ್ಕಳನ್ನು ಅಜ್ಜಿ ಮನೆಗೆ ಕಳಿಸುತ್ತಾರೆ, ಬಸ್ಸಿನಲ್ಲಿ ಅರವತ್ತು ಕಿಲೋಮೀಟರ್ ಅಷ್ಟೇ. ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿಗೆ ಅಕ್ಕಿ ಬಿದ್ದು ಒಂದೇ ಉಸಿರಿಗೆ ಅರಳುವುದನ್ನು ಪಾರಿ ನೋಡುತ್ತಾಳೆ. ಹುರಿಯುವ ಮುಂಚೆ ಆ ಅಕ್ಕಿಗೆ ಉಪ್ಪುನೀರು ಹಿಡಿಸಿರುತ್ತಾರೆ. ಅವ್ವನಿಗೆ ಅಂತ ಒಂದು ಚೀಲ ಕಟ್ಟಿಸಿಕೊಂಡ ಹುಡುಗಿಗೆ ಅದು ಅಲ್ಲಿ ಗೊತ್ತಾಗಬೇಕು: ಉಪ್ಪು ತಿಂದರೆ ದಾಹ, ದಾಹಕ್ಕೆ ನೀರು, ನೀರಿಗೆ ಸೋಮವಾರದ ಮೂರನೇ ದಿಂಬು. ಅವಳು ಆ ಚೀಲ ಏನು ಮಾಡುತ್ತಾಳೆ ಅನ್ನುವುದನ್ನು ನೀವು ಬರೆಯಿರಿ.


ಕರಡುತಿದ್ದು:

‘ಮಂಡಕ್ಕಿಭಟ್ಟಿ’ ಅವರ ಹದಿಮೂರನೇ ಅಧ್ಯಾಯದ ಲೆಕ್ಕ ಒಪ್ಪುತ್ತೇನೆ. ಆದರೆ ಈ ಕಥೆಯಲ್ಲಿ ಬದುಕಿರುವ ಅವ್ವನೇ ಗಟ್ಟಿ. ಸಾಯುವ ತಾಯಿಯರ ಕಥೆ ನಮ್ಮಲ್ಲಿ ಇವೆ, ವಾರಕ್ಕೆ ಮೂರು ಸಲ ಹೋಗಿ ಬರುವ ತಾಯಿಯ ಕಥೆ ಅಪರೂಪ.

ಕಲ್ಪನೆಗೆ ಒಂದು ಬೆಲೆ ಇಡುವುದನ್ನು ಮರೆಯಬೇಡಿ. ಪಾರಿ ಒಳದುರ್ಗದಲ್ಲಿ ಹೆಚ್ಚು ಹೊತ್ತು ಉಳಿದಷ್ಟೂ ಹೊರಗಿನ ಏನೋ ಒಂದು ತಪ್ಪಬೇಕು. ಅಕ್ಕ ಪಕ್ಕದಲ್ಲೇ ಇದ್ದರೂ ತಿಪ್ಪೇಶಿ ಒಬ್ಬನೇ ಊಟ ಮಾಡಿರುತ್ತಾನೆ. ಹಾಗಂತ ಒಳದುರ್ಗವನ್ನು ಸುಳ್ಳು ಅಂತ ಮುಚ್ಚಬೇಡಿ. ಎಲ್ಲ ಕನಸಾಗಿತ್ತು ಅನ್ನುವ ಸಾಲನ್ನು ಮಕ್ಕಳು ಕ್ಷಮಿಸುವುದಿಲ್ಲ. ಕೊನೆಯ ಸಲ ಅವಳು ತಿಪ್ಪೇಶಿಯನ್ನೂ ಕರೆದುಕೊಂಡು ಹೋಗಲಿ, ಅವನ ಕಿವಿಯನ್ನು ಅವ್ವನ ಕೈಮೇಲೆ ಇಡಿಸಲಿ. ಹಸಿರು ಬಳೆಗಳಿಗೆ ಒಳಗೆ ಏನಾಯಿತು ಅನ್ನುವುದಕ್ಕೆ ಹೊರಗೆ ಒಂದು ಗುರುತು ಉಳಿಯಲಿ.

ಮೊದಲು ತಿದ್ದಬೇಕಾದ್ದು ಒಂದು ಮತ್ತು ಎರಡನೇ ಅಧ್ಯಾಯ, ಮಿಕ್ಕದ್ದನ್ನು ಈಗ ಮುಟ್ಟಬೇಡಿ. ಫಿಸ್ಟುಲಾ ಆದ ಸಂಜೆ, ಕೈಗೆ ಸುತ್ತಿದ ಬಟ್ಟೆ, ಪಾರಿಯ ಬೆರಳು, ಜುಂ ಅನ್ನುವ ಸದ್ದು. ಅದು 3,000 ಪದದೊಳಗೆ ಬಂದರೆ ಇಲ್ಲಿ ಹಾಕಿ, ನೋಡುತ್ತೇನೆ. ಹಾಕುವಾಗ ನುಡಿ ಫಾಂಟಿನಿಂದ ಯೂನಿಕೋಡಿಗೆ ಬದಲಿಸಿದ್ದರೆ ಅರ್ಕಾವತ್ತು ಇರುವ ಪದಗಳು ಕೆಟ್ಟಿವೆಯೇ ಅಂತ ಒಮ್ಮೆ ಕಣ್ಣಾಡಿಸಿ. ‘ದುರ್ಗ’ವೇ ಪ್ರತಿ ಪುಟದಲ್ಲೂ ಇದೆ.